ಹೈ-ಫೀಲ್ಡ್ ಎಂಆರ್‌ಐಯಲ್ಲಿ ಬಿಸಿಯ ಲೆಕ್ಕ: ಬೇಗ ಮುಗಿಯಬೇಕು, ತಪ್ಪಿದರೂ ಸುರಕ್ಷಿತ ಬದಿಗೇ ತಪ್ಪಬೇಕು

ಮಳೆಗಾಲದ ಒಂದು ಮಧ್ಯಾಹ್ನ, ಮಣಿಪಾಲದಲ್ಲಿ ಎಂಟೆಕ್ ಓದುತ್ತಿದ್ದ ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ತೆರೆದು ನನ್ನ ಮುಂದಿಟ್ಟಳು. 7 ಟೆಸ್ಲಾ (ಟೆಸ್ಲಾ ಎಂದರೆ ಕಾಂತಕ್ಷೇತ್ರದ ಬಲದ ಅಳತೆ) ಎಂಆರ್‌ಐಗೆ, ತಲೆಯ ಸುತ್ತ ಕೂತು ರೇಡಿಯೋ ಅಲೆ ಕಳಿಸುವ ಎಂಟು ಚಾನೆಲ್‌ಗಳ ತಲೆ ಕಾಯಿಲ್ ಅವಳ ಪ್ರಾಜೆಕ್ಟ್. ಒಂದೊಂದೇ ಚಾನೆಲ್‌ಗೆ ಪವರ್ ಕೊಟ್ಟಾಗ ತಲೆಯೊಳಗೆ ಎಷ್ಟು ಶಕ್ತಿ ಬಿಸಿಯಾಗಿ ಇಳಿಯುತ್ತದೆ ಎಂದು ಲೆಕ್ಕ ಹಾಕಿ, ಕೊನೆಗೆ ಎಂಟನ್ನೂ ಕೂಡಿಸಿದ್ದಳು. ಬಣ್ಣಬಣ್ಣದ ಚಿತ್ರ ಚೆನ್ನಾಗಿಯೇ ಬಂದಿತ್ತು. "ಕೂಡಿಸಿದ್ರೆ ಆಯ್ತಲ್ಲ ಸರ್, ಎಂತ ತಪ್ಪುಂಟು?" ಎಂದು ಕೇಳಿದಳು.

ಆ ಪ್ರಶ್ನೆಗೆ ಉತ್ತರ ಹೇಳುತ್ತಾ ಹೋದದ್ದೇ ಈ ಲೇಖನ. ಸುರತ್ಕಲ್, ಮಣಿಪಾಲ, ಮಂಗಳೂರಿನ ಕಾಲೇಜುಗಳಲ್ಲಿ ಬಯೋಮೆಡಿಕಲ್, ಎಲೆಕ್ಟ್ರಾನಿಕ್ಸ್ ಅಥವಾ ಮೆಡಿಕಲ್ ಫಿಸಿಕ್ಸ್ ಓದುವವರು ಒಂದು ಸಾಧಾರಣ ವರ್ಕ್‌ಸ್ಟೇಷನ್ ಇಟ್ಟುಕೊಂಡು ಈ ಕೆಲಸ ಮಾಡಬಹುದು. ಹೇಗೆ ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

ಹೆಜ್ಜೆ 1: ಕೂಡಿಸಬೇಕಾದ್ದು ಏನನ್ನು ಎಂದು ಖಚಿತ ಮಾಡಿಕೊಳ್ಳಿ

ಮಲ್ಪೆಯಲ್ಲಿ ಕಲ್ಲಿನ ತಡೆಗೋಡೆಯ ಪಕ್ಕ ನಿಂತು ಕಡಲನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹೊರಗಿನಿಂದ ಬಂದ ತೆರೆ ಕಲ್ಲಿಗೆ ಬಡಿದು ಹಿಂತಿರುಗುವಾಗ ಮುಂದಿನ ತೆರೆಯನ್ನು ಎದುರಾಗುತ್ತದೆ. ಎರಡರ ಏರು ಒಂದೇ ಹೊತ್ತಿಗೆ ಸೇರಿದರೆ ನೀರು ಆಳೆತ್ತರ ಚಿಮ್ಮುತ್ತದೆ. ಒಂದರ ಏರಿಗೆ ಇನ್ನೊಂದರ ಇಳಿತ ಸಿಕ್ಕಿದರೆ ಆ ಜಾಗ ಕ್ಷಣಹೊತ್ತು ಸಪಾಟು. ಕಾಯಿಲ್‌ಗಳಿಂದ ಹೊರಡುವ ರೇಡಿಯೋ ಅಲೆಗಳೂ ತಲೆಯೊಳಗೆ ಹೀಗೆಯೇ ಸೇರುತ್ತವೆ. ಮೊದಲು ಕೂಡುವುದು ವಿದ್ಯುತ್ ಕ್ಷೇತ್ರಗಳು, ಅವುಗಳ ಆಂಪ್ಲಿಟ್ಯೂಡ್ (ಅಲೆಯ ಎತ್ತರ) ಮತ್ತು ಫೇಸ್ (ಏರಿಳಿತದ ಹೊತ್ತು) ಸಮೇತ. ಬಿಸಿ ಹುಟ್ಟುವುದು ಹಾಗೆ ಕೂಡಿದ ಮೊತ್ತದ ವರ್ಗದಿಂದ.

ಅಂಕಿಯಲ್ಲಿ ನೋಡೋಣ. ತಲೆಯ ಒಂದು ಬಿಂದುವಿನಲ್ಲಿ ಪ್ರತಿ ಚಾನೆಲ್ 1 ವ್ಯಾಟ್‌ಗೆ 0.1 ವ್ಯಾಟ್/ಕೆಜಿ ಕೊಡುತ್ತದೆ ಎಂದಿಟ್ಟುಕೊಳ್ಳಿ. ಎಂಟಕ್ಕೂ 1 ವ್ಯಾಟ್ ಕೊಟ್ಟು ಬರೀ ಕೂಡಿಸಿದರೆ 0.8 ಸಿಗುತ್ತದೆ. ಎಂಟೂ ಕ್ಷೇತ್ರಗಳು ಒಂದೇ ದಿಕ್ಕಿಗೆ, ಒಂದೇ ಹೊತ್ತಿಗೆ ಏರಿದರೆ ಕ್ಷೇತ್ರ 8 ಪಟ್ಟಾಗುತ್ತದೆ, ಬಿಸಿ 64 ಪಟ್ಟಾಗುತ್ತದೆ, ಅಂದರೆ 6.4 ವ್ಯಾಟ್/ಕೆಜಿ. ಒಂದನ್ನೊಂದು ಅಳಿಸಿದರೆ ಸೊನ್ನೆಯ ಹತ್ತಿರಕ್ಕೂ ಬರಬಹುದು. ಆ ಹುಡುಗಿಯ ಚಿತ್ರ 0.8 ಎನ್ನುತ್ತಿದ್ದ ಜಾಗದಲ್ಲಿ ನಿಜಕ್ಕೂ 6.4 ಇರುವ ಸಾಧ್ಯತೆ ಇತ್ತು. ಅವಳ ತಪ್ಪು ಅಪಾಯದ ಬದಿಗೆ ವಾಲಿತ್ತು. ಲೇಖನದುದ್ದಕ್ಕೂ ನಾನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದೇ: ಲೆಕ್ಕ ಬೇಗ ಮುಗಿಸಲು ಒಂದು ಒಳದಾರಿ ಹಿಡಿದಿರಿ, ಸರಿ. ಅದು ತಪ್ಪಿದರೆ ಯಾವ ಬದಿಗೆ ತಪ್ಪುತ್ತದೆ?

7 ಟೆಸ್ಲಾಕ್ಕೆ ಇಷ್ಟೆಲ್ಲ ಯಾಕೆ ಎಂದರೆ, ಕಾರಣ ತರಂಗಾಂತರ. ಹೈಡ್ರೋಜನ್ನಿನ ಅನುರಣನ ಆವರ್ತನ ಪ್ರತಿ ಟೆಸ್ಲಾಕ್ಕೆ 42.58 ಮೆಗಾಹರ್ಟ್ಸ್. ನಮ್ಮ ಊರಿನ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಕಾಣುವ 1.5 ಟೆಸ್ಲಾ ಯಂತ್ರದಲ್ಲಿ ಅದು ಸುಮಾರು 64 ಆದರೆ, 3 ಟೆಸ್ಲಾದಲ್ಲಿ 128, 7 ಟೆಸ್ಲಾದಲ್ಲಿ 298 ಮೆಗಾಹರ್ಟ್ಸ್. 298 ಮೆಗಾಹರ್ಟ್ಸ್ ಅಲೆ ಗಾಳಿಯಲ್ಲಿ ಸುಮಾರು 1 ಮೀಟರ್ ಉದ್ದ. ನೀರಿನಂಶ ತುಂಬಿದ ಮಿದುಳಿನೊಳಗೆ ಅದು 12-13 ಸೆಂಟಿಮೀಟರಿಗೆ ಕುಗ್ಗುತ್ತದೆ. ತಲೆಯ ಅಗಲಕ್ಕಿಂತ ಅಲೆಯೇ ಚಿಕ್ಕದು. ಹಾಗಾಗಿ ಒಂದೇ ಕಾಯಿಲ್ ಬಳಸಿದರೆ ಚಿತ್ರದ ನಡುಭಾಗ ಬೆಳಗಿ ಬದಿಗಳು ಕಪ್ಪಾಗುತ್ತವೆ. ಅದನ್ನು ಸರಿಪಡಿಸಲೆಂದೇ ಹಲವು ಚಾನೆಲ್‌ಗಳು, ಪ್ರತಿಯೊಂದಕ್ಕೂ ಬೇರೆ ಆಂಪ್ಲಿಟ್ಯೂಡ್, ಬೇರೆ ಫೇಸ್. ಚಿತ್ರ ಸಮವಾಗಲು ಕೊಟ್ಟ ಆ ಸ್ವಾತಂತ್ರ್ಯವೇ ಬಿಸಿಯನ್ನು ಒಂದು ಮೂಲೆಯಲ್ಲಿ ಗುಡ್ಡೆ ಹಾಕಲೂಬಹುದು. ಇನ್ನೊಂದು ಕಷ್ಟವೂ ಇದೆ. ಸ್ಕ್ಯಾನರ್ ಅಳೆಯಬಲ್ಲದ್ದು ಕಾಂತಕ್ಷೇತ್ರವನ್ನು. ಬಿಸಿ ಮಾಡುವ ವಿದ್ಯುತ್ ಕ್ಷೇತ್ರವನ್ನು ಬದುಕಿರುವ ತಲೆಯೊಳಗೆ ನೇರವಾಗಿ ಅಳೆಯುವ ದಾರಿ ಇಲ್ಲ. ಆದ್ದರಿಂದಲೇ ಮಾಡೆಲಿಂಗ್ ಬೇಕು.

ಹೆಜ್ಜೆ 2: ಮಿತಿಗಳನ್ನು ಬರೆದು ಗೋಡೆಗೆ ಅಂಟಿಸಿ

ಶಕ್ತಿ ಇಳಿಯುವ ದರಕ್ಕೆ ಎಸ್‌ಎಆರ್ (ಸ್ಪೆಸಿಫಿಕ್ ಅಬ್ಸಾರ್ಪ್ಶನ್ ರೇಟ್) ಎಂದು ಹೆಸರು. ಅಂಗಾಂಶದ ವಾಹಕತೆಯನ್ನು ವಿದ್ಯುತ್ ಕ್ಷೇತ್ರದ ವರ್ಗದಿಂದ ಗುಣಿಸಿ, ಸಾಂದ್ರತೆಯ ಎರಡರಷ್ಟರಿಂದ ಭಾಗಿಸಿದರೆ ಸಿಗುವುದೇ ಅದು. ಆ "ಎರಡರಷ್ಟು" ಬರುವುದು ಕ್ಷೇತ್ರವನ್ನು ಶಿಖರಮೌಲ್ಯದಲ್ಲಿ ಬರೆದಿದ್ದರೆ ಮಾತ್ರ. ಆರ್‌ಎಂಎಸ್ ಮೌಲ್ಯವಾದರೆ ಎರಡು ಬೇಡ. ನಿಮ್ಮ ಸಾಫ್ಟ್‌ವೇರ್ ಯಾವುದನ್ನು ಕೊಡುತ್ತದೆ ಎಂದು ಮೊದಲ ದಿನವೇ ನೋಡಿಕೊಳ್ಳಿ. ಇಲ್ಲಿ ತಪ್ಪಿದರೆ ಇಡೀ ಕೆಲಸದಲ್ಲಿ ಬಿಸಿ ನಿಜದ ಅರ್ಧದಷ್ಟೇ ಕಾಣಬಹುದು.

ಅಂತರರಾಷ್ಟ್ರೀಯ ಮಾನದಂಡ ಐಇಸಿ 60601-2-33ರ ಪ್ರಕಾರ ಸಾಮಾನ್ಯ ಕಾರ್ಯವಿಧಾನದಲ್ಲಿ ಇಡೀ ದೇಹಕ್ಕೆ ಸರಾಸರಿ 2 ವ್ಯಾಟ್/ಕೆಜಿ, ತಲೆಗೆ 3.2. ಮೈಗೆ ಹತ್ತಿರ ಇಡುವ ಲೋಕಲ್ ಟ್ರಾನ್ಸ್‌ಮಿಟ್ ಕಾಯಿಲ್‌ಗಳಾದರೆ ಇನ್ನೊಂದು ಮಿತಿ ಸೇರುತ್ತದೆ: ಯಾವುದೇ 10 ಗ್ರಾಂ ಅಂಗಾಂಶದಲ್ಲಿ ತಲೆ ಮತ್ತು ಮುಂಡಕ್ಕೆ 10 ವ್ಯಾಟ್/ಕೆಜಿ, ಕೈಕಾಲಿಗೆ 20. ಎಲ್ಲವೂ 6 ನಿಮಿಷದ ಸರಾಸರಿ. ಜೊತೆಗೆ ಯಾವುದೇ 10 ಸೆಕೆಂಡಿನ ಸರಾಸರಿ ಮಿತಿಯ ಎರಡು ಪಟ್ಟು ದಾಟಬಾರದು. ಎಂಟು ಚಾನೆಲ್‌ನ ತಲೆ ಕಾಯಿಲ್‌ನಲ್ಲಿ ಮೊದಲು ಎಡವುವುದು ಸಾಮಾನ್ಯವಾಗಿ ಆ 10 ಗ್ರಾಂ ಮಿತಿಗೇ. ಉಳಿದವು ಅದರ ಹಿಂದೆ ನಿಲ್ಲುತ್ತವೆ.

10 ವ್ಯಾಟ್/ಕೆಜಿ ಎಂದರೆ ಎಷ್ಟು ಬಿಸಿ? ಮಿದುಳಿನ ಅಂಗಾಂಶದ ಉಷ್ಣಧಾರಕತೆ ಕೆಜಿಗೆ, ಡಿಗ್ರಿಗೆ ಸುಮಾರು 3600 ಜೂಲ್ ಎಂದು ಹಿಡಿಯಿರಿ. ರಕ್ತ ಹರಿದು ತಣಿಸುವುದೇ ಇಲ್ಲ ಎಂದುಕೊಂಡರೆ 6 ನಿಮಿಷದಲ್ಲಿ ಸರಿಯಾಗಿ 1 ಡಿಗ್ರಿ ಏರುತ್ತದೆ. ರಕ್ತ ತಣಿಸುವುದರಿಂದ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ. ಕಣ್ಣಿನ ಮಸೂರದಂಥ ರಕ್ತನಾಳವಿಲ್ಲದ ಜಾಗದಲ್ಲಿ ಮಾತ್ರ ಆ ನೆಮ್ಮದಿ ಇಲ್ಲ.

ಹೆಜ್ಜೆ 3: ಮೈಯ ಮಾದರಿ ಆರಿಸಿ

ಜ್ಯೂರಿಕ್‌ನ ಐಟಿಐಎಸ್ ಫೌಂಡೇಶನ್ ಹೊರತಂದ ವರ್ಚುವಲ್ ಫ್ಯಾಮಿಲಿ ಹೆಚ್ಚು ಬಳಕೆಯಲ್ಲಿದೆ. ಡ್ಯೂಕ್ ಎಂಬ ಗಂಡಸು, ಎಲ್ಲಾ (Ella) ಎಂಬ ಹೆಂಗಸು, ಬಿಲ್ಲಿ ಎಂಬ ಹುಡುಗಿ, ಥೆಲೋನಿಯಸ್ ಎಂಬ ಹುಡುಗ. ನಿಜವಾದ ಮನುಷ್ಯರನ್ನು ಎಂಆರ್‌ಐಯಲ್ಲೇ ಸ್ಕ್ಯಾನ್ ಮಾಡಿ ಅಂಗಾಂಶಗಳನ್ನು ಬೇರ್ಪಡಿಸಿ ಕಟ್ಟಿದ ಮಾದರಿಗಳು ಇವು. ಅಂಗಾಂಶಗಳ ವಿದ್ಯುತ್ ಗುಣಗಳಿಗೆ ಗೇಬ್ರಿಯಲ್ ತಂಡ 1996ರಲ್ಲಿ ಪ್ರಕಟಿಸಿದ ಅಳತೆಗಳೇ ಇಂದಿಗೂ ಆಧಾರ. 298 ಮೆಗಾಹರ್ಟ್ಸ್‌ನಲ್ಲಿ ಸ್ನಾಯುವಿನ ವಾಹಕತೆ ಮೀಟರಿಗೆ ಸುಮಾರು 0.77 ಸೀಮೆನ್ಸ್, ಕೊಬ್ಬಿನದು ಸುಮಾರು 0.04, ಮಿದುಳನ್ನು ಸುತ್ತುವರಿದ ಸಿಎಸ್‌ಎಫ್ ದ್ರವದ್ದು ಸುಮಾರು 2.2. ಈ ಅಂತರ ನೋಡಿದರೆ ಸಿಎಸ್‌ಎಫ್‌ನ ತೆಳುಪದರವನ್ನು ಒರಟು ಗ್ರಿಡ್‌ನಲ್ಲಿ (ಮೈಯನ್ನು ದೊಡ್ಡ ದೊಡ್ಡ ಕೋಶಗಳಾಗಿ ಒಡೆದಾಗ) ನುಂಗಿಹಾಕಬಾರದು ಎಂಬುದು ತಾನಾಗಿ ತಿಳಿಯುತ್ತದೆ.

ಒಂದೇ ಮಾದರಿಯ ಮೇಲೆ ನಿಲ್ಲಬೇಡಿ. ಡ್ಯೂಕ್‌ನ ತಲೆ ಕಾಯಿಲ್‌ನ ನಡುವಿನಲ್ಲಿ ಅಚ್ಚುಕಟ್ಟಾಗಿ ಕುಳಿತಿರುತ್ತದೆ. ನಮ್ಮ ಮುಂದೆ ಮಲಗುವವರು ಗಂಗೊಳ್ಳಿಯ ಅಗಲ ಭುಜದ ಮೀನುಗಾರರೂ ಇರಬಹುದು, ಗೂನು ಬೆನ್ನಿನಿಂದಾಗಿ ತಲೆ ಮುಂದಕ್ಕೆ ಬಾಗಿದ ಅಜ್ಜಿಯೂ ಇರಬಹುದು. ಕನಿಷ್ಠ ಒಬ್ಬ ಗಂಡಸು, ಒಬ್ಬ ಹೆಂಗಸು, ಪ್ರತಿಯೊಬ್ಬರಿಗೂ ತಲೆಯನ್ನು ಮೇಲೆ-ಕೆಳಗೆ, ಎಡ-ಬಲ ಒಂದೆರಡು ಸೆಂಟಿಮೀಟರ್ ಸರಿಸಿದ ನಾಲ್ಕೈದು ಸ್ಥಾನಗಳು, ಇಷ್ಟಾದರೂ ಇರಲಿ. ಲೆಕ್ಕ ಹಿಗ್ಗುತ್ತದೆ ಎಂದು ಹೆದರಬೇಡಿ. ಆರನೇ ಹೆಜ್ಜೆಯಲ್ಲಿ ಇವೆಲ್ಲವೂ ಒಂದು ಸಣ್ಣ ಫೈಲಿನೊಳಗೆ ಸೇರಿಕೊಳ್ಳುತ್ತವೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಿಮ್ಮ ಮಾದರಿಯ ಮೈಮೇಲೆ ಲೋಹ ಇಲ್ಲ. ಹಾಗಾಗಿ ನಿಮ್ಮ ಲೆಕ್ಕ ಲೋಹವಿಲ್ಲದ ಮೈಗೆ ಮಾತ್ರ ಸಲ್ಲುತ್ತದೆ. ಕರಿಮಣಿ, ಕಾಲುಂಗುರ ತೆಗೆಯಲು ನಮ್ಮ ಕಡೆಯ ಅಮ್ಮಂದಿರು ಹಿಂಜರಿಯುತ್ತಾರೆ. ಮಲ್ಲಿಗೆ ದಂಡೆಯನ್ನು ತೆಗೆದಿಟ್ಟರೂ ಅದನ್ನು ಹಿಡಿದಿದ್ದ ಪಿನ್ನು ಜಡೆಯಲ್ಲೇ ಉಳಿದಿರುತ್ತದೆ. ತುಳುವೋ ಕೊಂಕಣಿಯೋ ಬ್ಯಾರಿಯೋ, ಅವರ ಮಾತಿನಲ್ಲೇ ನಿಧಾನವಾಗಿ ಕಾರಣ ಹೇಳಿದರೆ ಒಪ್ಪುತ್ತಾರೆ. ಕೈಗಳೆರಡನ್ನೂ ಹೆಣೆದುಕೊಂಡು ಮಲಗಿದರೆ ಮೈಯಲ್ಲೇ ಒಂದು ಸುತ್ತು ಏರ್ಪಟ್ಟು ಅದರಲ್ಲಿ ಕರೆಂಟ್ ಹರಿಯಬಹುದು. ಚರ್ಮ ಚರ್ಮಕ್ಕೆ ತಾಗುವಲ್ಲಿ ಪ್ಯಾಡ್ ಇಡಿಸಿ. ಮಾಡೆಲಿಂಗ್ ಮಾಡುವವರು ಸ್ಕ್ಯಾನಿಂಗ್ ಕೋಣೆಯ ತಂತ್ರಜ್ಞರ ಜೊತೆ ಒಂದು ದಿನವಾದರೂ ಕಳೆದು ಬರಬೇಕು ಎಂದು ನಾನು ಒತ್ತಾಯಿಸುವುದು ಇದಕ್ಕೇ.

ಹೆಜ್ಜೆ 4: ಭಾರದ ಲೆಕ್ಕವನ್ನು ಒಂದೇ ಸಲ ಮಾಡಿ

ಕಂಪ್ಯೂಟರನ್ನು ಸುಸ್ತು ಮಾಡುವ ಹೆಜ್ಜೆ ಇದು. 1966ರಲ್ಲಿ ಯೀ ಸೂಚಿಸಿದ ಎಫ್‌ಡಿಟಿಡಿ ವಿಧಾನ (ಜಾಗವನ್ನು ಸಣ್ಣ ಕೋಶಗಳಾಗಿ, ಕಾಲವನ್ನು ಸಣ್ಣ ಹೆಜ್ಜೆಗಳಾಗಿ ಒಡೆದು ಅಲೆಯ ಲೆಕ್ಕ ಹಾಕುವುದು) ಕಲಿಯಲು ಸುಲಭ, ಗ್ರಾಫಿಕ್ಸ್ ಕಾರ್ಡ್ ಮೇಲೆ ಚುರುಕಾಗಿ ಓಡುತ್ತದೆ. ಓಪನ್‌ಇಎಂಎಸ್ ಎಂಬ ಮುಕ್ತ ತಂತ್ರಾಂಶವೂ ಇದೇ ವಿಧಾನದ್ದು. ಕಾಯಿಲ್ ಒಂದೇ ಇದ್ದು ಮೈಯ ಮಾದರಿಗಳನ್ನು ಪದೇ ಪದೇ ಬದಲಿಸುವುದಾದರೆ ಇಂಟಿಗ್ರಲ್ ಈಕ್ವೇಷನ್ ವಿಧಾನದ ಮೇರಿ ಎಂಬ ಮುಕ್ತ ಕೋಡ್ ಕೂಡ ನೋಡತಕ್ಕದ್ದು.

ಗ್ರಿಡ್ 1 ಮಿಲಿಮೀಟರ್ ಇದ್ದರೆ ಎಫ್‌ಡಿಟಿಡಿಯ ಒಂದು ಕಾಲಹೆಜ್ಜೆ 1.9 ಪಿಕೋಸೆಕೆಂಡ್ ಮೀರುವಂತಿಲ್ಲ. 298 ಮೆಗಾಹರ್ಟ್ಸ್ ಅಲೆಯ ಒಂದು ಸುತ್ತಿಗೆ 3.36 ನ್ಯಾನೋಸೆಕೆಂಡ್ ಬೇಕು. ಅಂದರೆ ಒಂದು ಸುತ್ತಿಗೇ 1700ಕ್ಕೂ ಹೆಚ್ಚು ಹೆಜ್ಜೆಗಳು. ಗ್ರಿಡ್ಡನ್ನು 2 ಮಿಲಿಮೀಟರಿಗೆ ಏರಿಸಿದರೆ ಕೋಶಗಳು ಎಂಟನೇ ಒಂದಕ್ಕೆ, ಕಾಲಹೆಜ್ಜೆಗಳು ಅರ್ಧಕ್ಕೆ ಇಳಿದು ಒಟ್ಟು ಕೆಲಸ ಹದಿನಾರನೇ ಒಂದಕ್ಕೆ ಇಳಿಯುತ್ತದೆ. ನನ್ನ ಪದ್ಧತಿ ಹೀಗೆ: ಎಲ್ಲ ಸ್ಥಾನಗಳನ್ನೂ 2 ಮಿಲಿಮೀಟರಿನಲ್ಲಿ ಓಡಿಸಿ, ಅತಿ ಕೆಟ್ಟದಾಗಿ ಬಂದ ಒಂದನ್ನು 1 ಮಿಲಿಮೀಟರಿನಲ್ಲಿ ಮತ್ತೆ ಓಡಿಸುವುದು. 10 ಗ್ರಾಂ ಸರಾಸರಿಯ ಶಿಖರ ಎಷ್ಟು ಶೇಕಡಾ ಬದಲಾಯಿತೋ ಅಷ್ಟನ್ನು ಸುರಕ್ಷಾ ಅಂಶಕ್ಕೆ (ತಪ್ಪುಗಳಿಗೆಂದು ಬಿಸಿಯನ್ನು ಹೆಚ್ಚಿಸಿ ಹಿಡಿಯುವ ಗುಣಕ, ಏಳನೇ ಹೆಜ್ಜೆ ನೋಡಿ) ಸೇರಿಸುತ್ತೇನೆ. ಒರಟು ಗ್ರಿಡ್ ಯಾವ ಬದಿಗೆ ತಪ್ಪುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ. ಹಾಗಾಗಿ ಈ ಪರೀಕ್ಷೆ ಬಿಡುವಂತಿಲ್ಲ.

ಎಂಟು ಚಾನೆಲ್ ಎಂದರೆ ಎಂಟು ಓಟ. ಪ್ರತಿ ಓಟದಲ್ಲಿ ಒಂದು ಪೋರ್ಟಿಗೆ (ಚಾನೆಲ್‌ಗೆ ಪವರ್ ಕೊಡುವ ಬಾಯಿಗೆ) ಮಾತ್ರ ಪವರ್, ಉಳಿದ ಏಳಕ್ಕೆ 50 ಓಮ್ ಲೋಡ್. ಕಾಯಿಲ್ ಟ್ಯೂನ್ ಮಾಡುವ ಕೆಪಾಸಿಟರ್‌ಗಳಿದ್ದಾವಲ್ಲ, ಅವುಗಳ ಬೆಲೆ ಬದಲಿಸಿದಾಗಲೆಲ್ಲ ಮತ್ತೆ ಎಂಟು ಓಟ ಓಡಿಸಿದರೆ ಇಡೀ ಆಟಿ ತಿಂಗಳು ಅದಕ್ಕೇ ಹೋದೀತು. ಕೆಪಾಸಿಟರ್ ಇರುವ ಜಾಗಗಳನ್ನೂ ಪೋರ್ಟ್ ಎಂದೇ ಪರಿಗಣಿಸಿ ಒಮ್ಮೆ ಓಡಿಸಿಬಿಡಿ. ಪ್ರತಿ ಲೂಪಿಗೆ ಆರು ಕೆಪಾಸಿಟರ್ ಇದ್ದರೆ 48, ಜೊತೆಗೆ 8, ಒಟ್ಟು 56 ಓಟ. ಆಮೇಲೆ ಕೆಪಾಸಿಟರಿನ ಬೆಲೆ ಬದಲಿಸುವುದು ಬರೀ ಸರ್ಕಿಟ್ ಲೆಕ್ಕ, ಸೆಕೆಂಡುಗಳ ಕೆಲಸ. ಈ ಒಳದಾರಿಯಲ್ಲಿ ನಿಖರತೆಗೆ ಧಕ್ಕೆ ಇಲ್ಲ, ಯಾಕೆಂದರೆ ಕ್ಷೇತ್ರಗಳು ಕೂಡುವುದು ರೇಖೀಯವಾಗಿಯೇ. ಕಾಯಿಲ್ ವಿನ್ಯಾಸ ಮುಗಿದಿದ್ದರೆ ಎಂಟೇ ಸಾಕು. ಇನ್ನೂ ತಿದ್ದುವುದಿದ್ದರೆ 56ಕ್ಕೆ ಮನಸ್ಸು ಮಾಡಿ. ನಡುರಾತ್ರಿ ಗುಡುಗು ಬಂದು ಕರೆಂಟ್ ಹೋಗುವ ಊರು ನಮ್ಮದು. ಪ್ರತಿ ಓಟ ಮುಗಿದ ಕೂಡಲೇ ಫಲಿತಾಂಶ ಡಿಸ್ಕಿಗೆ ಬರೆಯುವಂತೆ ಸ್ಕ್ರಿಪ್ಟ್ ಇರಲಿ.

ಓಟ ಮುಗಿದ ಮೇಲೆ ಮೊದಲ ಕೆಲಸ ಪವರ್ ತಾಳೆ ನೋಡುವುದು. ಒಳಗೆ ಹೋದ ಪವರ್, ಮೈಯಲ್ಲಿ ಕರಗಿದ್ದು, ಕಾಯಿಲ್‌ನಲ್ಲಿ ನಷ್ಟವಾದದ್ದು, ಹೊರಗೆ ಹರಡಿದ್ದು, ಬೇರೆ ಪೋರ್ಟ್‌ಗಳಿಗೆ ಸೇರಿದ್ದು ಮತ್ತು ಹಿಂತಿರುಗಿದ್ದು ಇಷ್ಟರ ಮೊತ್ತಕ್ಕೆ ಸರಿಹೊಂದಬೇಕು. ಸರಿಹೊಂದದಿದ್ದರೆ ಅಲ್ಲೇ ನಿಲ್ಲಿ, ಮುಂದೆ ಹೋಗಬೇಡಿ.

ಹೆಜ್ಜೆ 5: ಕ್ಯೂ ಮ್ಯಾಟ್ರಿಕ್ಸ್ ಕಟ್ಟಿ

ಇಲ್ಲಿಂದ ಮುಂದೆ ಮ್ಯಾಕ್ಸ್‌ವೆಲ್ಲನ ಸಮೀಕರಣ ಬೇಡ. ಪ್ರತಿ ವೋಕ್ಸೆಲ್‌ನಲ್ಲಿ (ಗ್ರಿಡ್ಡಿನ ಒಂದೊಂದು ಕೋಶದಲ್ಲಿ) ಎಂಟು ಚಾನೆಲ್‌ಗಳ ವಿದ್ಯುತ್ ಕ್ಷೇತ್ರಗಳನ್ನು ಜೋಡಿ ಜೋಡಿಯಾಗಿ, ಒಂದರ ಸಂಯುಗ್ಮವನ್ನು ಇನ್ನೊಂದಕ್ಕೆ ಗುಣಿಸಿ, ವಾಹಕತೆ-ಸಾಂದ್ರತೆ ಸೇರಿಸಿ ಇಟ್ಟರೆ 8×8 ಮ್ಯಾಟ್ರಿಕ್ಸ್ ಸಿಗುತ್ತದೆ. ಇದೇ ಕ್ಯೂ ಮ್ಯಾಟ್ರಿಕ್ಸ್. ಚಾನೆಲ್‌ಗಳಿಗೆ ಕೊಡುವ ಎಂಟು ಸಂಕೀರ್ಣ ಸಂಖ್ಯೆಗಳ ಪಟ್ಟಿಯನ್ನು ಎರಡೂ ಬದಿಯಿಂದ ಗುಣಿಸಿದರೆ ಆ ಬಿಂದುವಿನ ಎಸ್‌ಎಆರ್ ಬರುತ್ತದೆ. ಮ್ಯಾಟ್ರಿಕ್ಸಿನ ಕರ್ಣದ ಮೇಲಿರುವುದು ಆ ಹುಡುಗಿ ಕೂಡಿಸಿದ್ದ ಎಂಟು ಅಂಕಿಗಳು. ಕರ್ಣದ ಹೊರಗಿರುವುದು ಅವಳು ಬಿಟ್ಟಿದ್ದ ಮಲ್ಪೆಯ ತೆರೆಗಳು.

10 ಗ್ರಾಂ ಸರಾಸರಿಯನ್ನು ಈ ಹಂತದಲ್ಲೇ, ಮ್ಯಾಟ್ರಿಕ್ಸುಗಳ ಮೇಲೆಯೇ ಮಾಡಿ. ಸಾಂದ್ರತೆ ನೀರಿನಷ್ಟೇ ಎಂದರೆ ಇದು ಸುಮಾರು 21.5 ಮಿಲಿಮೀಟರ್ ಬದಿಯ ಘನ. ಒಮ್ಮೆ ಹೀಗೆ ಸರಾಸರಿ ಮಾಡಿಟ್ಟರೆ ಮುಂದೆ ಪ್ರತಿ ಪಲ್ಸಿಗೂ (ಕಾಯಿಲ್ ಕಳಿಸುವ ರೇಡಿಯೋ ಅಲೆಯ ತುಣುಕಿಗೂ) ಮತ್ತೆ ಸರಾಸರಿ ಬೇಕಿಲ್ಲ. ಮೆಮೊರಿಯ ಲೆಕ್ಕವೂ ಹಗುರ: ಮ್ಯಾಟ್ರಿಕ್ಸ್ ಹರ್ಮೀಷಿಯನ್ (ಕರ್ಣದ ಎರಡು ಬದಿಗಳು ಒಂದಕ್ಕೊಂದು ಸಂಯುಗ್ಮ) ಆದ್ದರಿಂದ ವೋಕ್ಸೆಲ್ ಒಂದಕ್ಕೆ 64 ವಾಸ್ತವ ಸಂಖ್ಯೆಗಳು, ಅಂದರೆ 256 ಬೈಟ್. ಹತ್ತು ಲಕ್ಷ ವೋಕ್ಸೆಲ್‌ಗಳಿಗೆ 256 ಮೆಗಾಬೈಟ್. ಹದಿನಾರು ಚಾನೆಲ್ ಆದರೆ ಅದರ ನಾಲ್ಕು ಪಟ್ಟು.

ಪಲ್ಸ್ ಉದ್ದವಾಗಿದ್ದು ನೂರಾರು ಬಿಂದುಗಳಲ್ಲಿ ಆಂಪ್ಲಿಟ್ಯೂಡ್-ಫೇಸ್ ಬದಲಾಗುತ್ತಿದ್ದರೆ ಹಲವರು ಪ್ರತಿ ಬಿಂದುವಿಗೂ ಎಸ್‌ಎಆರ್ ಲೆಕ್ಕ ಹಾಕಿ ಕೊನೆಗೆ ಸರಾಸರಿ ತೆಗೆಯುತ್ತಾರೆ. ಅಷ್ಟು ಬೇಕಿಲ್ಲ. ಪಲ್ಸಿನ ಚಾನೆಲ್ ಜೋಡಿಗಳ ಗುಣಲಬ್ಧವನ್ನು ಕಾಲದ ಮೇಲೆ ಮೊದಲೇ ಸರಾಸರಿ ಮಾಡಿ ಒಂದು 8×8 ಮ್ಯಾಟ್ರಿಕ್ಸ್ ಮಾಡಿಕೊಳ್ಳಿ. ಆಮೇಲೆ ಪ್ರತಿ ಕ್ಯೂ ಜೊತೆ ಅದನ್ನು ಗುಣಿಸಿ ಕರ್ಣದ ಮೊತ್ತ ತೆಗೆದರೆ ಸಾಕು. ಉತ್ತರ ಒಂದಿಷ್ಟೂ ಬದಲಾಗುವುದಿಲ್ಲ, ಸಮಯ ಮಾತ್ರ ನೂರಾರು ಪಟ್ಟು ಉಳಿಯುತ್ತದೆ.

ನನಗೆ ಪಾಠ ಕಲಿಸಿದ ಒಂದು ತಪ್ಪನ್ನು ಇಲ್ಲಿ ಬರೆದಿಡುತ್ತೇನೆ. ಕ್ಷೇತ್ರದ ಲೆಕ್ಕ ಹಾಕುವ ತಂತ್ರಾಂಶ ಕಾಲವನ್ನು ಧನ ಚಿಹ್ನೆಯ ಘಾತದಲ್ಲಿ ಬರೆಯುತ್ತಿತ್ತು, ಸ್ಕ್ಯಾನರ್ ಬದಿಯ ಕೋಡ್ ಋಣ ಚಿಹ್ನೆಯಲ್ಲಿ. ನಾನು ಗಮನಿಸದೆ ಎರಡನ್ನೂ ಬೆಸೆದಿದ್ದೆ. ಎಲ್ಲ ಫೇಸ್‌ಗಳೂ ತಿರುಗುಮುರುಗು. ಅಂಕಿಗಳು ನಂಬುವಂತೆಯೇ ಬಂದವು, ಚಿತ್ರದಲ್ಲೂ ಅನುಮಾನ ಬರಲಿಲ್ಲ. ಫ್ಯಾಂಟಮ್‌ನಲ್ಲಿ (ತಲೆಯ ಬದಲಿಗೆ ಇಡುವ ದ್ರಾವಣದ ಪಾತ್ರೆಯಲ್ಲಿ) ಬಿಸಿ ಎಡಗಡೆ ಬರಬೇಕಾದದ್ದು ಬಲಗಡೆ ಬಂದಾಗಲೇ ಗೊತ್ತಾದದ್ದು. ಅಲ್ಲಿ ಮನುಷ್ಯ ಮಲಗಿರಲಿಲ್ಲ ಎಂಬುದಷ್ಟೇ ಸಮಾಧಾನ. ಅಂದಿನಿಂದ ಎರಡು ಚಾನೆಲ್‌ಗಳಿಗೆ ಮಾತ್ರ ಪವರ್ ಕೊಟ್ಟು, ಒಂದರ ಫೇಸನ್ನು 90 ಡಿಗ್ರಿ ತಿರುಗಿಸಿ, ಕಾಂತಕ್ಷೇತ್ರದ ಅಳತೆಯ ನಕ್ಷೆಯೂ ಲೆಕ್ಕದ ನಕ್ಷೆಯೂ ಒಂದೇ ಕಡೆಗೆ ಸರಿಯುತ್ತವೆಯೇ ಎಂದು ನೋಡದೆ ನಾನು ಮುಂದಿನ ಹೆಜ್ಜೆ ಇಡುವುದಿಲ್ಲ. ಅರ್ಧ ಗಂಟೆಯ ಕೆಲಸ, ದಯವಿಟ್ಟು ಬಿಡಬೇಡಿ.

ಹೆಜ್ಜೆ 6: ಹತ್ತು ಲಕ್ಷವನ್ನು ಕೆಲವು ನೂರಕ್ಕೆ ಇಳಿಸಿ

ಹೊಸ ಪಲ್ಸ್ ವಿನ್ಯಾಸ ಮಾಡುವಾಗ, ರೋಗಿ ಮಲಗಿರುವಾಗಲೇ, ಸಾವಿರಾರು ಸಲ ಎಸ್‌ಎಆರ್ ನೋಡಬೇಕಾಗುತ್ತದೆ. ಪ್ರತಿ ಸಲವೂ ಹತ್ತು ಲಕ್ಷ ಮ್ಯಾಟ್ರಿಕ್ಸ್ ತಿರುವಲು ಪುರಸೊತ್ತಿಲ್ಲ. ಐಕ್‌ಫೆಲ್ಡರ್ ಮತ್ತು ಗೆಬ್‌ಹಾರ್ಟ್ 2011ರಲ್ಲಿ ಇದಕ್ಕೊಂದು ದಾರಿ ತೋರಿಸಿದರು. ವರ್ಚುವಲ್ ಅಬ್ಸರ್ವೇಶನ್ ಪಾಯಿಂಟ್ಸ್, ಚಿಕ್ಕದಾಗಿ ವಿಒಪಿ. ಈ ಇಡೀ ಕ್ಷೇತ್ರದಲ್ಲಿ ನನಗೆ ತುಂಬ ಇಷ್ಟವಾದ ಉಪಾಯ ಇದು. ಯಾಕೆಂದರೆ ಇಲ್ಲಿ ಸಂಕ್ಷೇಪಿಸುವಾಗ ಆಗುವ ತಪ್ಪು ಗಣಿತದ ಖಾತರಿಯೊಡನೆ ಸುರಕ್ಷಿತ ಬದಿಗೇ ಬೀಳುತ್ತದೆ.

ಯೋಚನೆ ಇಷ್ಟು. ಒಂದು ಮ್ಯಾಟ್ರಿಕ್ಸಿನಿಂದ ಇನ್ನೊಂದನ್ನು ಕಳೆದಾಗ ಉಳಿದದ್ದರ ಐಗನ್ ಮೌಲ್ಯ (ಮ್ಯಾಟ್ರಿಕ್ಸ್ ತನ್ನ ಒಂದೊಂದು ವಿಶೇಷ ದಿಕ್ಕಿನಲ್ಲಿ ಎಷ್ಟು ಹಿಗ್ಗಿಸುತ್ತದೆ ಎಂಬ ಸಂಖ್ಯೆ) ಯಾವುದೂ ಋಣವಾಗದಿದ್ದರೆ, ಚಾನೆಲ್‌ಗಳಿಗೆ ಏನೇ ಕೊಟ್ಟರೂ ಮೊದಲನೆಯದರ ಎಸ್‌ಎಆರ್ ಎರಡನೆಯದಕ್ಕಿಂತ ಕಡಿಮೆಯಾಗದು. ಹಾಗಿದ್ದರೆ ಎರಡನೆಯದನ್ನು ನೆನಪಿಟ್ಟುಕೊಳ್ಳುವ ಅಗತ್ಯವೇ ಇಲ್ಲ. ಮನೆಯ ಹಿರಿಯರೊಬ್ಬರು ಎಲ್ಲರ ಪರವಾಗಿ ಸಹಿ ಹಾಕಿದಂತೆ, ಒಂದು ಮ್ಯಾಟ್ರಿಕ್ಸ್ ಇಡೀ ಗುಂಪಿನ ಹೊಣೆ ಹೊರುತ್ತದೆ.

ಮಾಡುವ ಕ್ರಮ ಹೀಗೆ. ಪ್ರತಿ ಕ್ಯೂವಿನ ಅತಿ ದೊಡ್ಡ ಐಗನ್ ಮೌಲ್ಯ ಕಂಡುಹಿಡಿದು ಇಳಿಕೆಯ ಕ್ರಮದಲ್ಲಿ ಜೋಡಿಸಿ. ಎಷ್ಟು ಹೆಚ್ಚು ಅಂದಾಜು ಮಾಡಲು ತಯಾರಿದ್ದೀರಿ ಎಂದು ತೀರ್ಮಾನಿಸಿ. ಎಲ್ಲಕ್ಕಿಂತ ದೊಡ್ಡ ಐಗನ್ ಮೌಲ್ಯದ 5 ಶೇಕಡಾ ಎಂದಿಟ್ಟುಕೊಳ್ಳಿ. ಅದನ್ನು ಏಕಮಾನ ಮ್ಯಾಟ್ರಿಕ್ಸಿಗೆ ಗುಣಿಸಿ ಪಟ್ಟಿಯ ಮೊದಲನೆಯದಕ್ಕೆ ಸೇರಿಸಿ, ಇದು ಮೊದಲ ವಿಒಪಿ. ಉಳಿದವುಗಳಲ್ಲಿ ಯಾವುದನ್ನೆಲ್ಲ ಇದು ಮೇಲಿನ ಅರ್ಥದಲ್ಲಿ ಮುಚ್ಚುತ್ತದೋ ಅವನ್ನೆಲ್ಲ ತೆಗೆದುಹಾಕಿ. ಉಳಿದವುಗಳಲ್ಲಿ ಮೊದಲನೆಯದು ಮುಂದಿನ ವಿಒಪಿ. ಪಟ್ಟಿ ಖಾಲಿಯಾಗುವ ತನಕ ಇದನ್ನೇ ಮಾಡಿ.

ಬೇಗ ಮುಗಿಸಲು ಎರಡು ಉಪಾಯಗಳಿವೆ. ಅತಿ ದೊಡ್ಡ ಐಗನ್ ಮೌಲ್ಯವೇ ಆ 5 ಶೇಕಡಾಕ್ಕಿಂತ ಕಡಿಮೆ ಇರುವ ವೋಕ್ಸೆಲ್‌ಗಳನ್ನು ಪರೀಕ್ಷಿಸುವುದೇ ಬೇಡ. ಸೇರಿಸಿದ ಏಕಮಾನದ ಪಾಲೇ ಅವನ್ನು ಮುಚ್ಚುತ್ತದೆ. ಮೊದಲ ಏಟಿಗೇ ಪಟ್ಟಿ ಎಷ್ಟು ತೆಳ್ಳಗಾಗುತ್ತದೆ ಎಂಬುದನ್ನು ಸ್ವತಃ ನೋಡಿ. ಎರಡನೆಯದು, ಋಣ ಐಗನ್ ಮೌಲ್ಯ ಇದೆಯೇ ಎಂದು ತಿಳಿಯಲು ಐಗನ್ ಮೌಲ್ಯಗಳನ್ನೆಲ್ಲ ಲೆಕ್ಕ ಹಾಕಬೇಡಿ. ಚೊಲೆಸ್ಕಿ ವಿಭಜನೆ ಮಾಡಿಸಿ. ಅದು ಮುರಿಯದೆ ಮುಗಿದರೆ ಮುಚ್ಚಿದೆ ಎಂದೇ ಅರ್ಥ, ಕೆಲಸವೂ ಎಷ್ಟೋ ಬೇಗ.

5 ಶೇಕಡಾ ಎಂಬುದು ನಿಮ್ಮ ಆಯ್ಕೆ. 1 ಶೇಕಡಾ ಇಟ್ಟರೆ ವಿಒಪಿಗಳು ಹೆಚ್ಚುತ್ತವೆ. 20 ಇಟ್ಟರೆ ಬೆರಳೆಣಿಕೆಗೆ ಇಳಿಯಬಹುದು, ಆದರೆ ಸ್ಕ್ಯಾನರ್ ಬಿಸಿಯನ್ನು ವಿನಾಕಾರಣ ಹೆಚ್ಚು ಹೇಳಿ ಪವರ್ ಕಡಿತ ಮಾಡುತ್ತದೆ, ರೋಗಿ ಹೆಚ್ಚು ಹೊತ್ತು ಮಲಗಬೇಕಾಗುತ್ತದೆ. ಅದೂ ಒಂದು ತೊಂದರೆಯೇ. ಎಲ್ಲ ಮಾದರಿಗಳ, ಎಲ್ಲ ಸ್ಥಾನಗಳ ಕ್ಯೂಗಳನ್ನೂ ಒಂದೇ ರಾಶಿಗೆ ಸುರಿದು ಸಂಕ್ಷೇಪಿಸಿ. ಡ್ಯೂಕ್, ಎಲ್ಲಾ ಎಂಬ ಆ ಹೆಂಗಸು, ಸರಿದ ತಲೆ ಎಲ್ಲವೂ ಒಂದೇ ವಿಒಪಿ ಪಟ್ಟಿಯೊಳಗೆ ಬಂದುಬಿಡುತ್ತವೆ.

ಕೊನೆಗೆ ಹತ್ತು ಸಾವಿರ ಯಾದೃಚ್ಛಿಕ ಪಲ್ಸ್‌ಗಳನ್ನು ಕೊಟ್ಟು ವಿಒಪಿ ಹೇಳಿದ ಶಿಖರ ಪೂರ್ತಿ ಲೆಕ್ಕದ ಶಿಖರಕ್ಕಿಂತ ಒಮ್ಮೆಯೂ ಕಡಿಮೆ ಬರುವುದಿಲ್ಲ ಎಂದು ನೋಡಿ. ಒಂದೇ ಸಲ ಕಡಿಮೆ ಬಂದರೂ ಕೋಡ್‌ನಲ್ಲಿ ದೋಷ ಇದೆ. ಈ ಪರೀಕ್ಷೆ ಕೋಡ್‌ಗೆ ಮಾತ್ರ. ಸುರಕ್ಷೆಯ ಖಾತರಿ ಬರುವುದು ಕಟ್ಟಿದ ರೀತಿಯಿಂದ, ಯಾದೃಚ್ಛಿಕ ಪ್ರಯತ್ನಗಳಿಂದಲ್ಲ. ಅತಿ ಕೆಟ್ಟ ಪಲ್ಸ್ ಯಾದೃಚ್ಛಿಕವಾಗಿ ಎದುರಾಗುವುದು ಅಪರೂಪ.

ಹೆಜ್ಜೆ 7: ಸುರಕ್ಷಾ ಅಂಶ

ಯಂತ್ರ ಕೇಳಿದ್ದಕ್ಕಿಂತ ಆಂಪ್ಲಿಟ್ಯೂಡ್ 10 ಶೇಕಡಾ ಹೆಚ್ಚು ಕೊಟ್ಟರೆ ಎಸ್‌ಎಆರ್ 21 ಶೇಕಡಾ ಹೆಚ್ಚುತ್ತದೆ. ವ್ಯಕ್ತಿಯಿಂದ ವ್ಯಕ್ತಿಗೆ ಇರುವ ವ್ಯತ್ಯಾಸ, ಗ್ರಿಡ್ಡಿನದ್ದು, ಅಳತೆಯದ್ದು ಇವನ್ನೂ ಸೇರಿಸಬೇಕು. ಉದಾಹರಣೆಗೆ 30, 20, 20 ಶೇಕಡಾ ಎಂದಿಟ್ಟುಕೊಳ್ಳಿ. ನೇರ ಗುಣಿಸಿದರೆ 1.87, ವರ್ಗಗಳ ಮೊತ್ತದ ವರ್ಗಮೂಲ ತೆಗೆದರೆ 1.41. ಎರಡನೆಯದು ಸಲ್ಲುವುದು ಮೂರೂ ಒಂದಕ್ಕೊಂದು ಸಂಬಂಧವಿಲ್ಲದವು ಎಂದು ತೋರಿಸಬಲ್ಲಿರಾದರೆ ಮಾತ್ರ. ತೋರಿಸಲಾಗದಿದ್ದರೆ 1.87 ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ.

ಫೇಸ್ ಅಳೆಯುವ ವ್ಯವಸ್ಥೆಯ ಮೇಲೆ ನಂಬಿಕೆ ಇಲ್ಲದಿದ್ದರೆ ಕ್ಯೂ ಮ್ಯಾಟ್ರಿಕ್ಸಿನ ಪ್ರತಿ ಅಂಕಿಯ ಪರಿಮಾಣವನ್ನು ಮಾತ್ರ ಹಿಡಿದು ಆಂಪ್ಲಿಟ್ಯೂಡ್‌ಗಳಿಂದ ಗುಣಿಸಿ. ಎಲ್ಲ ತೆರೆಗಳೂ ಒಟ್ಟಿಗೇ ಏರಿದವು ಎಂಬ ಲೆಕ್ಕ ಅದು. ಕೈ ಕಟ್ಟಿದಂತಾಗುತ್ತದೆ ನಿಜ, ಆದರೆ ಸುರಕ್ಷಿತ.

ಹೆಜ್ಜೆ 8: ಫ್ಯಾಂಟಮ್‌ನಲ್ಲಿ ಅಳೆದು ನೋಡಿ

ನೀರಿನ ಪರ್ಮಿಟಿವಿಟಿ (ಅಲೆಯನ್ನು ಕುಗ್ಗಿಸುವ ವಿದ್ಯುತ್ ಗುಣ) ಅಂಗಾಂಶದ್ದಕ್ಕಿಂತ ಹೆಚ್ಚು. ಅದನ್ನು ಇಳಿಸಲು ಸಕ್ಕರೆ ಅಥವಾ ಪಿವಿಪಿ ಎಂಬ ಪಾಲಿಮರ್, ವಾಹಕತೆ ಏರಿಸಲು ಉಪ್ಪು. ಕರಾವಳಿಯ ಸೆಕೆಯಲ್ಲಿ ಸಕ್ಕರೆ ದ್ರಾವಣ ಬೇಗ ಹುಳಿಯುತ್ತದೆ, ಬೂಸ್ಟು ಹಿಡಿಯುತ್ತದೆ. ಸಂರಕ್ಷಕ ಹಾಕಿ, ಮತ್ತು ಪ್ರಯೋಗದ ದಿನವೇ ಅದರ ಗುಣಗಳನ್ನು ಹೊಸದಾಗಿ ಅಳೆಯಿರಿ.

ತಾಪ ಅಳೆಯಲು ಸ್ಕ್ಯಾನರನ್ನೇ ಬಳಸಬಹುದು. ನೀರಿನ ಪ್ರೋಟಾನ್‌ನ ಆವರ್ತನ ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ 0.01 ಪಾಲು ಇಳಿಯುತ್ತದೆ. 7 ಟೆಸ್ಲಾದಲ್ಲಿ ಅದು ಸುಮಾರು 3 ಹರ್ಟ್ಸ್. ಎಕೋ ಸಮಯ (ಪಲ್ಸ್‌ನಿಂದ ಸಿಗ್ನಲ್ ಹಿಡಿಯುವ ತನಕದ ಹೊತ್ತು) 10 ಮಿಲಿಸೆಕೆಂಡ್ ಇದ್ದರೆ ತಾಪದ ಒಂದು ಡಿಗ್ರಿಗೆ ಸುಮಾರು 11 ಡಿಗ್ರಿ ಕೋನದ ಫೇಸ್ ಬದಲಾವಣೆ. ಆದರೆ ಕಾಂತವೂ ತನ್ನಷ್ಟಕ್ಕೆ ಸ್ವಲ್ಪ ಜಾರುತ್ತಿರುತ್ತದೆ. ಅದನ್ನು ಕಳೆಯಲು ಸುತ್ತ ನಾಲ್ಕು ಎಣ್ಣೆಯ ಸೀಸೆಗಳನ್ನು ಇಡಬೇಕು, ಯಾಕೆಂದರೆ ಎಣ್ಣೆಯಲ್ಲಿ ತಾಪದಿಂದ ಆ ಬಗೆಯ ಬದಲಾವಣೆ ಇಲ್ಲ. ಮೊದಲ ಸಲ ನಾವು ಮನೆಯಿಂದ ತಂದ ತೆಂಗಿನೆಣ್ಣೆ ಇಟ್ಟಿದ್ದೆವು. ತೆಂಗಿನೆಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ. ಸ್ಕ್ಯಾನರ್ ಕೋಣೆಯ ಎಸಿ ಅದಕ್ಕಿಂತ ಕೆಳಗಿತ್ತು. ಅರ್ಧ ಗಂಟೆಯಲ್ಲಿ ಸೀಸೆಗಳು ಬೆಳ್ಳಗಾಗಿ ಸಿಗ್ನಲ್ ಕೈಕೊಟ್ಟಿತು. ಕಡಲೆಕಾಯಿ ಅಥವಾ ಸೂರ್ಯಕಾಂತಿ ಎಣ್ಣೆ ಬಳಸಿ. ಜೊತೆಗೆ ಫೈಬರ್ ಆಪ್ಟಿಕ್ ತಾಪಮಾಪಕವನ್ನು ಲೆಕ್ಕ ಹೇಳಿದ ಬಿಸಿ ಜಾಗದಲ್ಲೇ ಇಳಿಬಿಡಿ. ಬಿಸಿ ಮಾಡಲು ತೊಡಗಿದ ಮೊದಲ ಒಂದೆರಡು ನಿಮಿಷದ ಏರಿಕೆಯ ದರವನ್ನು ಉಷ್ಣಧಾರಕತೆಯಿಂದ ಗುಣಿಸಿದರೆ ನೇರ ಎಸ್‌ಎಆರ್ ಸಿಗುತ್ತದೆ. ಹೊತ್ತು ಕಳೆದಂತೆ ಬಿಸಿ ಅತ್ತಿತ್ತ ಹರಡಿ ಅಂಕಿ ಇಳಿಯುತ್ತದೆ, ಹಾಗಾಗಿ ತಡ ಮಾಡಿ ಅಳೆದರೆ ತಪ್ಪು ಅಪಾಯದ ಬದಿಗೆ ಬೀಳುತ್ತದೆ.

ಮೈಯೊಳಗಿನ ತಾಪವೇ ಬೇಕಾದರೆ 1948ರ ಪೆನ್ನೆಸ್ ಸಮೀಕರಣವಿದೆ, ರಕ್ತದ ಹರಿವು ತಣಿಸುವುದನ್ನೂ ಅದು ಲೆಕ್ಕಕ್ಕೆ ಹಿಡಿಯುತ್ತದೆ. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ, ಜ್ವರ ಬಂದವರಲ್ಲಿ ಆ ಹರಿವು ಪುಸ್ತಕದ ಅಂಕಿಯಂತೆ ಇರುವುದಿಲ್ಲ. ಮೊದಲ ಸಲ ಮಾಡುವವರು ಎಸ್‌ಎಆರ್ ಮಿತಿಯಲ್ಲೇ ನಿಲ್ಲುವುದು ಒಳ್ಳೆಯದು.

ಹೆಜ್ಜೆ 9: ಸ್ಕ್ಯಾನರಿಗೆ ಒಪ್ಪಿಸುವಾಗ

ವಿಒಪಿ ಫೈಲಿನ ಜೊತೆ ಒಂದು ಪುಟ ಇರಲಿ: ಯಾವ ಕಾಯಿಲ್, ಯಾವ ಮಾದರಿಗಳು, ಗ್ರಿಡ್ ಎಷ್ಟು, ಚಾನೆಲ್‌ಗಳ ಕ್ರಮ, ಫೇಸಿನ ಚಿಹ್ನೆ, ಶಿಖರಮೌಲ್ಯವೋ ಆರ್‌ಎಂಎಸ್ಸೋ, ಸುರಕ್ಷಾ ಅಂಶ ಫೈಲಿನಲ್ಲೇ ಸೇರಿದೆಯೋ ಇಲ್ಲವೋ. ಲೆಕ್ಕ ಮಾಡಿದವರಲ್ಲದೆ ಇನ್ನೊಬ್ಬರು ಓದಿ ಸಹಿ ಹಾಕಬೇಕು. ನಿಗಾ ವ್ಯವಸ್ಥೆ 6 ನಿಮಿಷದ ಮತ್ತು 10 ಸೆಕೆಂಡಿನ ಎರಡೂ ಸರಾಸರಿಗಳನ್ನು ಓಡಿಸುತ್ತಿದೆಯೇ ಎಂದು, ಮಿತಿ ಮೀರುವ ಪಲ್ಸ್ ಒಂದನ್ನು ಫ್ಯಾಂಟಮ್ ಮೇಲೆ ಬೇಕೆಂದೇ ಹೊರಡಿಸಿ ನೋಡಿ. ಯಂತ್ರ ತಾನಾಗಿ ನಿಲ್ಲಬೇಕು. ನಿಮ್ಮ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಸಿಗುವ ತನಕ ಆ ಕಾಯಿಲ್‌ನೊಳಗೆ ಮನುಷ್ಯರ ತಲೆ ಹೋಗಬಾರದು.

ಆಮೇಲೆ ಕಾಯಿಲ್‌ನ ಒಂದು ಕೇಬಲ್ ಬದಲಾದರೂ, ಒಂದು ಕೆಪಾಸಿಟರ್ ಸುಟ್ಟು ಹೊಸದು ಬೆಸೆದರೂ, ಅದರ ಫೇಸ್ ಮತ್ತು ಪೋರ್ಟ್ ಅಳತೆಗಳು ಹಳೆಯ ಕಾಯಿಲ್‌ನದ್ದಲ್ಲ. ಹಳೆಯ ವಿಒಪಿ ಫೈಲನ್ನು ಆ ದಿನವೇ ಸ್ಕ್ಯಾನರಿನಿಂದ ತೆಗೆಯಿರಿ, ಪೋರ್ಟ್‌ಗಳನ್ನು ಮತ್ತೆ ಅಳೆಯಿರಿ, ಎರಡು ಚಾನೆಲ್‌ನ ಆ ಅರ್ಧ ಗಂಟೆಯ ಪರೀಕ್ಷೆಯನ್ನು ಮತ್ತೆ ಮಾಡಿ.